ಕೈಗೆ ಕೆಲಸ ಕೊಡು ತಮ್ಮಾ, ಮಾತನ್ನು ಮುಚ್ಚಿಡಬೇಡ

ತಮ್ಮಾ,

ಧಾರವಾಡದ ನಿನ್ನ ರೂಮಿನಲ್ಲಿ ದೀಪ ಆರಿಸಿದ ಮೇಲೆ ಹಸಿರಾಗಿ ಹೊಳೆಯುವ ಒಂದು ಮುದ್ದೆ ಇದೆಯಂತೆ. ಓದುವಾಗ, ಮಲಗುವಾಗ ಅದನ್ನೇ ಹಿಚುಕುತ್ತ ಇರುತ್ತೀಯಂತೆ. ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಸಿಟ್ಟಿತ್ತು. "ನೀಟ್‌ಗೆ ಓದಲಿ ಅಂತ ಲಾಂಗ್ ಟರ್ಮ್‌ಗೆ ಹಾಕಿದ್ರ, ಸಣ್ಣ ಹುಡುಗರಂಗ ಅಂಟು ಹಿಚುಕ್ಕೋತ ಕುಂತಾನ ನೋಡ್ರಿ" ಎಂದ. ನಾನು ಅವನಿಗೆ ಹೇಳಿದ ಮಾತನ್ನೇ ನಿನಗೂ ಮೊದಲು ಹೇಳಿಬಿಡುತ್ತೇನೆ: ಹಿಚುಕಲಿ ಬಿಡು, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಆ ಮುದ್ದೆಯ ಬಗ್ಗೆ, ಅದನ್ನು ಹಿಚುಕುವ ಕೈಯ ಬಗ್ಗೆ, ಆ ಕೈಯ ಹಿಂದಿನ ಮನಸ್ಸಿನ ಬಗ್ಗೆ ನಾಲ್ಕು ಮಾತು ಹೇಳುವುದಿದೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದ ನಿನ್ನ ಅಜ್ಜ ನಾನು. ಮಾತು ಸ್ವಲ್ಪ ಉದ್ದವಾದರೆ ಸಹಿಸಿಕೋ.

ಮನಸ್ಸು ಕುದಿಯುವಾಗ ಕೈ ಸುಮ್ಮನಿರುವುದಿಲ್ಲ. ಇದು ನಿನ್ನ ಕಾಲದವರಿಗೆ ಬಂದ ಹೊಸ ರೋಗವಲ್ಲ. ನಮ್ಮ ಅಸೂಟಿಯಲ್ಲಿ ಮಳೆ ಕೈಕೊಟ್ಟ ವರ್ಷಗಳಲ್ಲಿ ಗುಡಿ ಕಟ್ಟೆಯ ಮೇಲೆ ಕೂತ ಹಿರಿಯರನ್ನು ನೋಡಿದ್ದೇನೆ. ಬಾಯಲ್ಲಿ ಮಾತಿಲ್ಲ, ಕಣ್ಣು ಮುಗಿಲಿನ ಕಡೆ, ಕೈ ಮಾತ್ರ ಪುಂಡಿ ನಾರನ್ನು ಹೊಸೆದು ಹಗ್ಗ ಮಾಡುತ್ತಿರುತ್ತಿತ್ತು. ಆ ವರ್ಷ ಅಷ್ಟು ಹಗ್ಗ ಯಾರಿಗೂ ಬೇಕಿರಲಿಲ್ಲ. ನಿಮ್ಮ ದೊಡ್ಡತ್ತೆಯ ಹೆರಿಗೆ ಕಷ್ಟವಾಗಿ ಗದಗಕ್ಕೆ ಕರೆದೊಯ್ದ ರಾತ್ರಿ ನಿನ್ನ ಅಜ್ಜಿ ದೇವರ ಮುಂದೆ ಕೂತು ಹತ್ತಿ ಬತ್ತಿ ಹೊಸೆದಳು. ಎಡ ಅಂಗೈಯ ಮೇಲೆ ಹತ್ತಿಯ ಎಳೆ ಇಟ್ಟು, ಬಲ ಅಂಗೈಗೆ ಒಂದಿಷ್ಟು ವಿಭೂತಿ ಹಚ್ಚಿಕೊಂಡು, ಒಂದೇ ಸಮನೆ. ಬೆಳಗಿನ ಜಾವ ಸುದ್ದಿ ಬರುವ ಹೊತ್ತಿಗೆ ಬುಟ್ಟಿ ತುಂಬಿತ್ತು. ಅವಳು ಅತ್ತಿದ್ದು ಸುದ್ದಿ ಬಂದ ಮೇಲೆಯೇ. ಹಳೆ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಹೊಲಿಯುವ ನಮ್ಮ ಓಣಿಯ ಹೆಣ್ಣುಮಕ್ಕಳನ್ನು ಕೇಳು, ಮಧ್ಯಾಹ್ನ ಸೂಜಿ ಹಿಡಿದು ಕೂತರೆ ಮನೆಯ ಚಿಂತೆ ಅರ್ಧ ಇಳಿಯುತ್ತದೆ ಎನ್ನುತ್ತಾರೆ.

ರೊಟ್ಟಿಯ ಹಿಟ್ಟು ನಾದುವುದೂ ಹಾಗೆಯೇ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಜಿಗುಟಿಲ್ಲ. ಕುದಿಯುವ ಎಸರು ಹಾಕಿ, ಕೈ ಸುಡುವಷ್ಟು ಬಿಸಿ ಇರುವಾಗಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದರೆ ಮಾತ್ರ ಅಂಚು ಒಡೆಯದೆ ರೊಟ್ಟಿ ಬಡಿಯಲು ಬರುತ್ತದೆ. ನಿಮ್ಮವ್ವ ಸಿಟ್ಟಿನಲ್ಲಿದ್ದ ದಿನ ರೊಟ್ಟಿ ಇನ್ನೂ ತೆಳ್ಳಗೆ ಬರುವುದನ್ನು ನೀನೂ ನೋಡಿದ್ದೀಯ. ಸಿಟ್ಟು ತೋಳಿಗಿಳಿದು, ತೋಳಿನಿಂದ ಹಿಟ್ಟಿಗಿಳಿದು, ಹಂಚಿನ ಮೇಲೆ ಬೆಂದು ಹೋಗುತ್ತದೆ.

ಇವೆಲ್ಲಕ್ಕಿಂತ ನಿನ್ನ ಮುದ್ದೆಗೆ ತೀರಾ ಹತ್ತಿರದ್ದು ನಮ್ಮ ಎರೆ ಮಣ್ಣು. ಕಾರ ಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆ ನಿನಗೆ ನೆನಪಿರಬೇಕು. ಮುಂಗಾರಿನ ಹೆಸರು ಬಿತ್ತುವ ಹೊತ್ತು. ಹಿಂದಿನ ದಿನ ಹುಡುಗರ ದಂಡು ಹಳ್ಳದ ದಂಡೆಗೆ ಹೋಗಿ ಕರಿ ಮಣ್ಣು ಅಗೆದು ತರುತ್ತಿತ್ತು. ತಂದ ಮಣ್ಣಿನಿಂದ ಹರಳು, ಬೇರು, ಕಸ ಆರಿಸಬೇಕು. ನೀರು ಚಿಮುಕಿಸಿ ನೆನೆಹಾಕಬೇಕು. ಆಮೇಲೆ ನಾದುವ ಕೆಲಸ. ಮೊದಲಿಗೆ ಮಣ್ಣು ಮಾತು ಕೇಳುವುದಿಲ್ಲ. ಬೆರಳಿಗೆ ಅಂಟುತ್ತದೆ, ನೀರು ಕಡಿಮೆಯಾದರೆ ಬಿರಿಯುತ್ತದೆ, ಹೆಚ್ಚಾದರೆ ಕುಸಿಯುತ್ತದೆ. ಒತ್ತುತ್ತ, ಮಡಚುತ್ತ, ಮತ್ತೆ ಒತ್ತುತ್ತ ಹೋದಂತೆ ಒಂದು ಹದಕ್ಕೆ ಬರುತ್ತದೆ. ಆ ಹದ ಕಣ್ಣಿಗೆ ಕಾಣುವಂಥದ್ದಲ್ಲ, ಹೆಬ್ಬೆರಳಿಗೆ ಗೊತ್ತಾಗುವಂಥದ್ದು. ಹೆಬ್ಬೆರಳು ಒತ್ತಿ ತೆಗೆದರೆ ಗುರುತು ಹಾಗೇ ನಿಲ್ಲಬೇಕು, ಅಂಚಿನಲ್ಲಿ ಬಿರುಕು ಬರಬಾರದು. ಆಗ ಎತ್ತಿನ ಮೈ ಮಾಡಬೇಕು. ಹಿಣಿಲು ಎತ್ತಬೇಕು, ಕೋಡು ತಿದ್ದಬೇಕು, ಮುಂದೆ ಒಂದು ಗ್ವಾದಲಿ ಇಡಬೇಕು. ಜೋಳದ ಕಾಳು, ಕುಸುಬಿ ಕಾಳು, ಕೆಂಪು ಗುಲಗಂಜಿ ಒತ್ತಿ ಸಿಂಗಾರ ಮಾಡಬೇಕು. ನೆರಳಿನಲ್ಲೇ ಒಣಗಿಸಬೇಕು, ಬಿಸಿಲಿಗಿಟ್ಟರೆ ಹೊಟ್ಟೆ ಸೀಳಿಬಿಡುತ್ತದೆ.

ಅಲ್ಲಿಗೆ ಮಣ್ಣಿನ ಆಟ ಮುಗಿಯುತ್ತಿರಲಿಲ್ಲ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಗುಳ್ಳವ್ವನನ್ನು ಮಾಡುತ್ತಿದ್ದರು. ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪ, ಭಾದ್ರಪದಕ್ಕೆ ಗಣಪ, ಗಣಪನ ಹಿಂದೆಯೇ ಜೋಕುಮಾರ. ಮುಂಗಾರು ಹಿಡಿದು ನಿಂತಷ್ಟು ದಿನವೂ ಉತ್ತರ ಕರ್ನಾಟಕದ ಮಕ್ಕಳ ಕೈಯಲ್ಲಿ ಮಣ್ಣು ಇದ್ದೇ ಇರುತ್ತಿತ್ತು. ಬೆಳೆಯ ಚಿಂತೆ ಮನೆಯಲ್ಲಿ ಅತಿ ಹೆಚ್ಚು ಇರುವ ತಿಂಗಳುಗಳೂ ಅವೇ. ನಮ್ಮ ಹಿರಿಯರು ಒತ್ತಡ ನಿವಾರಣೆ ಎಂದು ಹೆಸರಿಟ್ಟು ಇದನ್ನು ಮಾಡಿದರು ಎಂದು ನಾನು ಹೇಳುವುದಿಲ್ಲ, ಅದು ಭೂಮಿ ಪೂಜೆ, ಎತ್ತಿನ ಪೂಜೆ. ಆದರೆ ಪೂಜೆಯ ಜೊತೆಗೆ ಕೈಗೂ ಮನಸ್ಸಿಗೂ ಏನೋ ಒಂದು ಸಿಗುತ್ತಿತ್ತು ಎಂಬುದನ್ನು ಆ ಮಣ್ಣು ನಾದಿದ ಯಾರೂ ಅಲ್ಲಗಳೆಯಲಾರರು.

ಈಗ ನಿನ್ನ ಡಬ್ಬಿಯಲ್ಲಿರುವ ಮುದ್ದೆಗೆ ಬರೋಣ. ಅದನ್ನು ಪುಟ್ಟಿ ಎನ್ನುತ್ತಾರೆ, ಆದರೆ ಗೋಡೆಗೆ ಬಳಿಯುವ ಪುಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಇದು ಸಿಲಿಕೋನ್. ನೀನು ಕೆಮಿಸ್ಟ್ರಿ ಓದುವವನು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮಲಪ್ರಭೆಯ ಉಸುಕಿನಲ್ಲಿ ಇರುವುದು ಸಿಲಿಕಾನ್ ಮತ್ತು ಆಮ್ಲಜನಕ. ಆ ಎರಡೂ ಪರಮಾಣುಗಳು ಒಂದಾದ ಮೇಲೊಂದು ಕೂಡಿ ಉದ್ದ ಸರಪಳಿಯಾಗಿ, ಪಕ್ಕದಲ್ಲಿ ಕಾರ್ಬನ್ನಿನ ಗುಂಪುಗಳನ್ನು ಹಿಡಿದುಕೊಂಡರೆ ಸಿಲಿಕೋನ್ ಎಣ್ಣೆ. ಅದಕ್ಕೆ ಬೋರಿಕ್ ಆಸಿಡ್ ಕೂಡಿಸಿದರೆ ಎಣ್ಣೆ ಮುದ್ದೆಯಾಗುತ್ತದೆ. ಬೋರಿಕ್ ಎಂದರೆ ನಿನಗೆ ಗೊತ್ತಿರುವ ವಸ್ತುವೇ, ಕೇರಂ ಬೋರ್ಡಿನ ಮೇಲೆ ಉದುರಿಸುವ ಬಿಳಿ ಪುಡಿ. ಅದರಲ್ಲಿನ ಬೋರಾನ್ ಒಂದು ಸರಪಳಿಯನ್ನು ಇನ್ನೊಂದಕ್ಕೆ ಹೆಣೆಯುತ್ತದೆ. ಆ ಹೆಣಿಗೆ ಗಟ್ಟಿಯಲ್ಲ. ಕ್ಷಣಕ್ಷಣಕ್ಕೂ ಬಿಚ್ಚುತ್ತ, ಮತ್ತೆ ಕೂಡುತ್ತ ಇರುತ್ತದೆ. ನಿಧಾನವಾಗಿ ಎಳೆದರೆ ಬಿಚ್ಚಿಕೊಳ್ಳಲು ಹೊತ್ತು ಸಿಗುತ್ತದೆ, ಮುದ್ದೆ ದಾರದಂತೆ ಉದ್ದವಾಗುತ್ತದೆ. ಥಟ್ಟನೆ ಎಳೆದರೆ ಹೊತ್ತು ಸಿಗುವುದಿಲ್ಲ, ತುಂಡಾಗುತ್ತದೆ. ನೆಲಕ್ಕೆ ಎಸೆದರೆ ಪುಟಿಯುತ್ತದೆ. ರಾತ್ರಿ ಮೇಜಿನ ಮೇಲೆ ಉಂಡೆ ಮಾಡಿಟ್ಟು ಮಲಗು, ಬೆಳಿಗ್ಗೆ ಹಂಚಿನ ಮೇಲೆ ಹುಯ್ದ ದೋಸೆ ಹಿಟ್ಟಿನಂತೆ ಹರಡಿರುತ್ತದೆ.

ನಮ್ಮ ಎರೆ ಮಣ್ಣಿನಲ್ಲೂ ಅದೇ ಸಿಲಿಕಾನ್, ಅದೇ ಆಮ್ಲಜನಕ. ಆದರೆ ಅಲ್ಲಿ ಅವು ಅಲ್ಯೂಮಿನಿಯಂ ಜೊತೆ ಸೇರಿ ತೀರಾ ತೆಳ್ಳನೆಯ ಪದರಗಳಾಗಿ ಕೂತಿವೆ. ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಂದರ ಮೇಲೊಂದು ಜಾರುತ್ತದೆ. ಅದಕ್ಕೇ ನಾದಲು ಬರುವುದು. ನೀರು ಆರಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ರೋಣ ಸೀಮೆಯ ಹೊಲಗಳಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದು ಅದೇ ಕಾರಣಕ್ಕೆ. ನಿನ್ನ ಮುದ್ದೆಯಲ್ಲಿ ನೀರಿಲ್ಲ, ಹಾಗಾಗಿ ಅದು ಒಣಗುವುದೂ ಇಲ್ಲ, ಬಿರಿಯುವುದೂ ಇಲ್ಲ.

ಇದು ಹುಟ್ಟಿದ್ದು ಯುದ್ಧದ ಕಾಲದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಆಗ್ನೇಯ ಏಷ್ಯಾದ ರಬ್ಬರ್ ತೋಟಗಳನ್ನು ಹಿಡಿದುಕೊಂಡಾಗ ಅಮೆರಿಕಕ್ಕೆ ಟೈರಿಗೆ, ಬೂಟಿಗೆ ರಬ್ಬರ್ ಸಾಲದೆ ಹೋಯಿತು. ಬದಲಿ ರಬ್ಬರ್ ಹುಡುಕುತ್ತಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಜೇಮ್ಸ್ ರೈಟ್ 1943ರಲ್ಲಿ ಸಿಲಿಕೋನ್ ಎಣ್ಣೆಗೆ ಬೋರಿಕ್ ಆಸಿಡ್ ಹಾಕಿ ನೋಡಿದರು. ಡೌ ಕಾರ್ನಿಂಗ್ ಕಂಪನಿಯ ಅರ್ಲ್ ವಾರಿಕ್ ಅವರೂ ತಾವೇ ಮೊದಲು ಮಾಡಿದ್ದೆಂದು ಹೇಳಿಕೊಂಡಿದ್ದಾರೆ. ಯಾರು ಮೊದಲಾದರೂ ಇರಲಿ, ಆ ಮುದ್ದೆ ಟೈರಿಗೆ ಬರಲಿಲ್ಲ, ಯಾವ ಕೆಲಸಕ್ಕೂ ಬರಲಿಲ್ಲ. ಕೊನೆಗೆ ಪೀಟರ್ ಹಾಡ್ಜ್‌ಸನ್ ಎಂಬ ವ್ಯಾಪಾರಿ 1950ರಲ್ಲಿ ಅದನ್ನು ಪ್ಲಾಸ್ಟಿಕ್ ಮೊಟ್ಟೆಗಳಲ್ಲಿ ತುಂಬಿ, ಸಿಲ್ಲಿ ಪುಟ್ಟಿ ಎಂಬ ಹೆಸರಿನಲ್ಲಿ ಮಾರಿದರು. 1968ರ ಡಿಸೆಂಬರಿನಲ್ಲಿ ಚಂದ್ರನನ್ನು ಸುತ್ತಿ ಬಂದ ಅಪೊಲೊ 8 ನೌಕೆಯ ಯಾತ್ರಿಗಳೂ ಇದನ್ನು ಒಯ್ದಿದ್ದರು. ತೂಕವಿಲ್ಲದ ಜಾಗದಲ್ಲಿ ಸಾಮಾನು ತೇಲಿ ಹೋಗದಂತೆ ಅಂಟಿಸಲು, ಬೇಸರವಾದಾಗ ಹಿಚುಕಲು. ನಿಮ್ಮಪ್ಪನಿಗೆ ಈ ಮಾತು ಹೇಳಿದೆ. ಚಂದ್ರನ ಹತ್ತಿರ ಹೋದವರೇ ಹಿಚುಕಿದ್ದಾರೆ ಎಂದ ಮೇಲೆ ಅವನ ದನಿ ಸ್ವಲ್ಪ ಇಳಿಯಿತು.

ಹೊಳಪಿನ ಸಂಗತಿ ಬೇರೆ. ಕತ್ತಲಲ್ಲಿ ಹೊಳೆಯುವುದನ್ನೆಲ್ಲ ನಮ್ಮ ಕಡೆ ರೇಡಿಯಂ ಎನ್ನುವ ರೂಢಿ, ಅದನ್ನು ಕೇಳಿ ನಿನ್ನ ಅಜ್ಜಿಗೆ ಭಯ. ಅವಳ ಭಯ ಪೂರ್ತಿ ಸುಳ್ಳಲ್ಲ. 1898ರಲ್ಲಿ ಕ್ಯೂರಿ ದಂಪತಿಗಳು ಕಂಡುಹಿಡಿದ ರೇಡಿಯಮ್ಮನ್ನು ಆಮೇಲೆ ಗಡಿಯಾರದ ಅಂಕಿಗಳಿಗೆ ಬಳಿಯುತ್ತಿದ್ದರು. ಅಮೆರಿಕದ ಕಾರ್ಖಾನೆಗಳಲ್ಲಿ ಆ ಕೆಲಸ ಮಾಡುತ್ತಿದ್ದ ಹುಡುಗಿಯರಿಗೆ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳಲು ಹೇಳಿಕೊಟ್ಟಿದ್ದರು. 1920ರ ದಶಕದಲ್ಲಿ ಅವರ ದವಡೆ, ಎಲುಬು ಕೊಳೆತು ಹಲವರು ಸತ್ತರು. ನಿನ್ನ ಮುದ್ದೆಯಲ್ಲಿ ಆ ವಿಕಿರಣ ಇಲ್ಲ. ಇಂದಿನ ಆಟಿಕೆಗಳಲ್ಲಿ ಇರುವುದು ಹೆಚ್ಚಾಗಿ ಸ್ಟ್ರಾನ್ಷಿಯಂ ಅಲ್ಯೂಮಿನೇಟ್ ಎಂಬ ಪುಡಿ, ಅದರಲ್ಲಿ ಚಿಟಿಕೆಯಷ್ಟು ಯುರೋಪಿಯಂ ಮತ್ತು ಡಿಸ್ಪ್ರೋಸಿಯಂ. 1990ರ ದಶಕದಲ್ಲಿ ಜಪಾನಿನ ನೆಮೊಟೊ ಕಂಪನಿಯವರು ಇದನ್ನು ರೂಢಿಗೆ ತಂದರು; ಅದಕ್ಕೂ ಮೊದಲು ಬಳಸುತ್ತಿದ್ದ ಜಿಂಕ್ ಸಲ್ಫೈಡ್ ಬೇಗನೆ ಮಂಕಾಗುತ್ತಿತ್ತು. ಬೆಳಕು ಬಿದ್ದಾಗ ಇದರ ಎಲೆಕ್ಟ್ರಾನುಗಳು ಮೇಲೇರಿ ಒಂದು ಸಂದಿಯಲ್ಲಿ ಸಿಕ್ಕಿಬೀಳುತ್ತವೆ. ಸುತ್ತಲಿನ ಶಾಖ ಅವುಗಳನ್ನು ಒಂದೊಂದಾಗಿ ಬಿಡಿಸುತ್ತದೆ, ಬಿಡಿಸಿಕೊಂಡಾಗ ಹಸಿರು ಬೆಳಕು ಬರುತ್ತದೆ. ಆದ್ದರಿಂದಲೇ ಬಿಸಿ ಅಂಗೈಯಲ್ಲಿ ಹಿಡಿದರೆ ಅದು ತುಸು ಹೆಚ್ಚು ಬೆಳಗುತ್ತದೆ, ಬೇಗ ತೀರುತ್ತದೆ. ಸ್ಟ್ರಾನ್ಷಿಯಂ ಸಹಜ ಲೋಹ, ಅಣುಬಾಂಬಿನ ಬೂದಿಯಲ್ಲಿ ಬರುವ ಸ್ಟ್ರಾನ್ಷಿಯಂ 90 ಅಲ್ಲ. ಅಜ್ಜಿಗೆ ಇಷ್ಟನ್ನು ನಾನು ವಿವರಿಸಿ ಆಯಿತು.

ಆದರೂ ಎಚ್ಚರ ಬೇಕಾದಲ್ಲಿ ಬೇಕು. ದೀಪಾವಳಿಗೆ ಊರಿಗೆ ಬರುವಾಗ ಅದನ್ನು ತಂದರೆ ಮನೆಯಲ್ಲಿ ತೆವಳುವ ಕೂಸಿನ ಕೈಗೆ ಸಿಗದಂತೆ ಎತ್ತರದಲ್ಲಿಡು. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಅಡರುತ್ತದೆ. ನಾವು ಮಣ್ಣೆತ್ತಿಗೆ ಗುಲಗಂಜಿ ಒತ್ತುವಾಗ ದೊಡ್ಡವರು ಪಕ್ಕದಲ್ಲೇ ಕೂತಿರುತ್ತಿದ್ದರು, ಏಕೆಂದರೆ ಅಗಿದು ನುಂಗಿದರೆ ಆ ಕಾಳು ಜೀವ ತೆಗೆಯುವ ವಿಷ. ಚೆಂದದ ಆಟಿಕೆ ಅಂದಾಕ್ಷಣ ನಿರಪಾಯ ಎಂದು ತಿಳಿಯಬಾರದು. ಆಯಸ್ಕಾಂತ ಎಳೆಯುವಂಥ ಪುಟ್ಟಿಯೂ ಮಾರಾಟಕ್ಕಿದೆ, ಜೊತೆಗೆ ಪುಟ್ಟ ಬಲವಾದ ಆಯಸ್ಕಾಂತದ ತುಂಡು ಕೊಡುತ್ತಾರೆ. ಅಂಥದ್ದನ್ನು ಮಕ್ಕಳಿರುವ ಮನೆಗೆ ತರಲೇಬೇಡ. ಅಂಥ ಎರಡು ತುಂಡು ಹೊಟ್ಟೆಗೆ ಹೋದರೆ ಕರುಳಿನ ಆಚೀಚೆ ನಿಂತು ಒಂದನ್ನೊಂದು ಎಳೆದು ಕರುಳನ್ನೇ ತೂತು ಮಾಡುತ್ತವೆ. ನಮ್ಮ ದೇಶದಲ್ಲಿ 2021ರ ಜನವರಿಯಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಡಬ್ಬಿಯ ಮೇಲೆ ಅದಿದೆಯೇ, ತಯಾರಿಸಿದವರ ಹೆಸರಿದೆಯೇ ನೋಡಿ ಕೊಳ್ಳಬೇಕು. ಫೆವಿಕಾಲ್ ಗೋಂದಿಗೆ ಬಿಳಿಗಾರ ಕಲಸಿ ಮನೆಯಲ್ಲೇ ಮಾಡುವ ಸ್ಲೈಮ್ ಬೇರೆ ಪದಾರ್ಥ. ಬಿಳಿಗಾರದಿಂದ ಚರ್ಮ ಕೆರೆದು ಕೆಂಪಾಗುತ್ತದೆ, ನಿನ್ನ ತಂಗಿಗೆ ಅದು ಬೇಡ ಎಂದು ಹೇಳು. ಇನ್ನು ನಿನ್ನ ಮುದ್ದೆ ಕೌದಿಯ ಮೇಲೆ ಬಿದ್ದು ರಾತ್ರಿಯಿಡೀ ಹಾಗೇ ಉಳಿದರೆ ಎಳೆಎಳೆಗೂ ಇಳಿದುಬಿಡುತ್ತದೆ. ಬಿಸಿ ನೀರು ಹಾಕಬೇಡ. ಮೊಂಡು ಚಾಕುವಿನಿಂದ ಹೆರೆದು, ಉಳಿದದ್ದಕ್ಕೆ ಸ್ಯಾನಿಟೈಸರ್ ಹಚ್ಚಿ ಒರೆಸು, ಬಿಡುತ್ತದೆ. ಮುಟ್ಟುವ ಮೊದಲು ಕೈ ತೊಳೆ, ಮುಗಿದ ಮೇಲೆ ಮುಚ್ಚಳ ಹಾಕು. ಇಷ್ಟು ಸಾಕು.

ಈಗ ನನ್ನ ಮುಖ್ಯ ಮಾತು ಕೇಳು.

ಅದನ್ನು ಹಿಚುಕುವುದರಿಂದ ನಿನಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ನಿನಗೆ ಸ್ಪಷ್ಟವಿರಬೇಕು. ಮಾಕ್ ಟೆಸ್ಟಿನಲ್ಲಿ ಅಂಕ ಕಡಿಮೆ ಬಂದ ದಿನ ಹೆಗಲು ಬಿಗಿಯುತ್ತದೆ, ಹಲ್ಲು ಕಚ್ಚಿಕೊಳ್ಳುತ್ತೇವೆ, ಮುಷ್ಟಿ ತಾನೇ ಮುಚ್ಚಿಕೊಳ್ಳುತ್ತದೆ. ಮೈ ಬಿಗಿದಷ್ಟೂ ಮನಸ್ಸು ಬಿಗಿಯುತ್ತದೆ. ಅಮೆರಿಕದ ಎಡ್ಮಂಡ್ ಜೇಕಬ್‌ಸನ್ ಎಂಬ ವೈದ್ಯರು 1920ರ ದಶಕದಲ್ಲೇ ಇದಕ್ಕೊಂದು ದಾರಿ ತೋರಿಸಿದರು: ಒಂದೊಂದೇ ಸ್ನಾಯುವನ್ನು ಬೇಕೆಂದೇ ಬಿಗಿ ಮಾಡಿ, ಆಮೇಲೆ ಪೂರ್ತಿ ಸಡಿಲ ಬಿಡುವುದು. ಬಿಗಿಗೂ ಸಡಿಲಿಗೂ ಇರುವ ಅಂತರ ಮೈಗೆ ತಿಳಿದರೆ ಸಡಿಲವಾಗುವುದನ್ನು ಮೈ ಕಲಿಯುತ್ತದೆ. ಮನೋವೈದ್ಯರು ಇಂದಿಗೂ ಅದನ್ನು ಹೇಳಿಕೊಡುತ್ತಾರೆ. ನೀನು ಮುದ್ದೆಯನ್ನು ಹಾಗೆ ಬಳಸು. ಉಸಿರು ತೆಗೆದುಕೊಳ್ಳುತ್ತ ಮುಷ್ಟಿ ತುಂಬ ಒತ್ತಿ ಹಿಡಿ, ಐದು ಎಣಿಸು, ಆಮೇಲೆ ಉಸಿರನ್ನು ನಿಧಾನವಾಗಿ ಬಿಡುತ್ತ ಬೆರಳನ್ನೂ ನಿಧಾನವಾಗಿ ಬಿಡಿಸು. ಥಟ್ಟನೆ ಕಿತ್ತರೆ ತುಂಡಾಗುವ ಪದಾರ್ಥ ಅದು, ನಿಧಾನಿಸಿದರೆ ಮಾತ್ರ ಎಳೆ ಬರುತ್ತದೆ. ಹಾಗಾಗಿ ನಿನ್ನನ್ನೂ ನಿಧಾನಕ್ಕೆ ತರುತ್ತದೆ. ಕೈಗೆ ಪೆಟ್ಟಾದವರಿಗೆ, ಪಾರ್ಶ್ವವಾಯು ಹೊಡೆದು ಬೆರಳು ಸ್ವಾಧೀನ ತಪ್ಪಿದವರಿಗೆ ಫಿಸಿಯೋಥೆರಪಿಯವರು ಇಂಥದೇ ಪುಟ್ಟಿ ಕೊಟ್ಟು ವ್ಯಾಯಾಮ ಮಾಡಿಸುತ್ತಾರೆ. ಕೈಗೆ ಅದರಿಂದ ಉಪಯೋಗವಿದೆ ಎಂಬುದರಲ್ಲಿ ಸಂಶಯವಿಲ್ಲ.

ಓದಿಗೆ ಉಪಯೋಗವೇ? ಅಲ್ಲಿ ಸ್ವಲ್ಪ ತಡೆದು ನೋಡಬೇಕು. 2009ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಜಾಕಿ ಆಂದ್ರಾದೆ ಎಂಬ ಸಂಶೋಧಕಿ 40 ಜನರಿಗೆ ಒಂದು ಬೇಸರದ ಫೋನ್ ಸಂದೇಶ ಕೇಳಿಸಿದರು. ಕೇಳುತ್ತ ಕಾಗದದ ಮೇಲಿನ ಆಕಾರಗಳಿಗೆ ಪೆನ್ಸಿಲ್ ಬಳಿಯುತ್ತ ಕೂತವರಿಗೆ, ಸುಮ್ಮನೆ ಕೂತವರಿಗಿಂತ ಶೇಕಡಾ 29ರಷ್ಟು ಹೆಚ್ಚು ನೆನಪಿತ್ತು. ಆದರೆ 2017ರ ಹೊತ್ತಿಗೆ ಶಾಲೆಗಳಿಗೆ ನುಗ್ಗಿದ ಫಿಜೆಟ್ ಸ್ಪಿನ್ನರ್ ವಿಷಯದಲ್ಲಿ ಉಲ್ಟಾ ಆಯಿತು. ಪಾಠದ ವಿಡಿಯೊ ನೋಡುವಾಗ ಅದನ್ನು ತಿರುಗಿಸಿದವರಿಗೆ ನೆನಪು ಕಡಿಮೆಯಾಗಿದ್ದು ಕಂಡುಬಂದಿದೆ. ನನ್ನ ತರಗತಿಯ ಅನುಭವವೂ ಅದನ್ನೇ ಹೇಳುತ್ತದೆ: ಕೈ ಮಾತ್ರ ಆಡುವ ಆಟ ಪಾಠವನ್ನು ಕೆಡಿಸುವುದಿಲ್ಲ, ಕಣ್ಣನ್ನೂ ಎಳೆಯುವ ಆಟ ಕೆಡಿಸುತ್ತದೆ. ನಿನ್ನ ಮುದ್ದೆ ಹಗಲಿನಲ್ಲಿ ಮೇಜಿನ ಕೆಳಗೆ ಎಡಗೈಯಲ್ಲಿದ್ದರೆ ಅದು ಕೈಯ ಆಟ. ಕತ್ತಲಲ್ಲಿ ಹೊಳೆಯತೊಡಗಿದರೆ ಕಣ್ಣಿನ ಆಟ.

ರಾತ್ರಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಅದರ ಹಸಿರು ಬೆಳಕು ಮಂದ, ಅದರಿಂದ ನಿದ್ದೆ ಕೆಡುವುದಿಲ್ಲ. ಆದರೆ ಅದು ಮಂಕಾದ ಕೂಡಲೇ ನೀನು ಮೊಬೈಲಿನ ಟಾರ್ಚ್ ಹಾಕುತ್ತೀಯ. ಆ ಬಿಳಿ ಬೆಳಕಿನಲ್ಲಿ ನೀಲಿ ಪಾಲು ಇರುವುದರಿಂದ ಮುದ್ದೆ ಮತ್ತೆ ತುಂಬಿಕೊಳ್ಳುತ್ತದೆ ನಿಜ, ಆದರೆ ಮೊಬೈಲ್ ಕೈಗೆ ಬಂತು. ಬಂದ ಮೇಲೆ ಮೆಸೇಜು, ಮೆಸೇಜಿನ ಹಿಂದೆ ರೀಲ್ಸು, ರೀಲ್ಸಿನ ಹಿಂದೆ ಯಾರಿಗೋ ಸಿಕ್ಕ ಎಂಬಿಬಿಎಸ್ ಸೀಟಿನ ಫೋಟೊ. ಗಂಟೆ ಎರಡಾಗುತ್ತದೆ. ಹೀಗೆ ಆಗುತ್ತಿದೆ ಎಂದು ನೀನೇ ತಂಗಿಯ ಹತ್ತಿರ ಹೇಳಿದ್ದೀಯ, ಅವಳು ನನಗೆ ಹೇಳಿದಳು, ಅವಳ ಮೇಲೆ ಸಿಟ್ಟಾಗಬೇಡ. ದೀಪ ಆರಿಸುವ ಮೊದಲೇ ಮುದ್ದೆಯನ್ನು ಟ್ಯೂಬ್‌ಲೈಟ್ ಕೆಳಗೆ ಹರಡಿಡು. ಮೊಬೈಲನ್ನು ರೂಮಿನ ಆ ಮೂಲೆಯಲ್ಲಿ ಚಾರ್ಜಿಗೆ ಹಾಕು. ಕತ್ತಲಲ್ಲಿ ಹಾಸಿಗೆಯ ಮೇಲೆ ನೀನು, ಕೈಯಲ್ಲಿ ಮುದ್ದೆ, ಅಷ್ಟೇ. ಬೆಳಕು ಇಳಿಯುತ್ತ ಹೋದಂತೆ ಕಣ್ಣು ಮುಚ್ಚು. ಮತ್ತೆ ಎದ್ದು ಬೆಳಕು ತುಂಬಬೇಡ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಎರೆ ಮಣ್ಣನ್ನು ಯಾರೂ ಒಂಟಿಯಾಗಿ ನಾದುತ್ತಿರಲಿಲ್ಲ. ಪಡಸಾಲೆಯಲ್ಲಿ ಅಕ್ಕ, ತಮ್ಮ, ನೆರೆಮನೆಯ ಹುಡುಗರು ಸುತ್ತ ಕೂಡುತ್ತಿದ್ದರು. ಒಬ್ಬನ ಎತ್ತಿನ ಕೋಡು ಮುರಿದರೆ ಇನ್ನೊಬ್ಬ ಮಣ್ಣು ಕೊಡುತ್ತಿದ್ದ. ಅಮಾವಾಸ್ಯೆಯ ಮರುದಿನ ಒಂದು ಕುಂಟೆತ್ತನ್ನು ಹಿಡಿದು, ಹಾಡುತ್ತ, ಮನೆಮನೆಗೆ ಹೋಗಿ ಜೋಳ ಬೇಡಿ ತರುತ್ತಿದ್ದರು. ಕಾಲು ಊನವಾದ ಎತ್ತಿಗೂ ಊರು ಕಾಳು ನೀಡುತ್ತಿತ್ತು. ಕೈ ಮಣ್ಣಿನಲ್ಲಿ ಇದ್ದಾಗ ಬಾಯಿ ಬಿಚ್ಚುತ್ತಿತ್ತು. ಪರೀಕ್ಷೆಯಲ್ಲಿ ನಪಾಸಾದದ್ದು, ಅಪ್ಪ ಕುಡಿದು ಬಂದದ್ದು, ಸಾಲಕ್ಕೆ ಎತ್ತು ಮಾರಿದ್ದು ಎಲ್ಲವನ್ನೂ ಮುಖ ನೋಡದೆ, ಮಣ್ಣು ನೋಡುತ್ತ ಹೇಳಿಬಿಡುತ್ತಿದ್ದರು. ಕೇಳುವವರೂ ಮಣ್ಣು ನೋಡುತ್ತಲೇ ಕೇಳುತ್ತಿದ್ದರು. ನಿನ್ನ ಮುದ್ದೆಯ ಕೊರತೆ ಅದೊಂದೇ. ಬಾಗಿಲು ಹಾಕಿಕೊಂಡು, ಕತ್ತಲಲ್ಲಿ, ಒಬ್ಬನೇ ಹಿಚುಕುವಂತೆ ಅದನ್ನು ಮಾಡಿದ್ದಾರೆ.

ಅದಕ್ಕೆ ಹೇಳುತ್ತೇನೆ, ರೂಮಿನ ಹುಡುಗನಿಗೂ ಅರ್ಧ ಕಿತ್ತು ಕೊಡು. ರಾತ್ರಿ ಊಟ ಆದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂಡಿ. ಆ ಹುಡುಗ ಸಿಂಧನೂರಿನವನೋ, ಸವದತ್ತಿಯವನೋ, ಅವನ ಮನೆಯಲ್ಲೂ ಹೊಲ ಒತ್ತೆಯಿಟ್ಟು ಫೀ ತುಂಬಿರಬಹುದು. ಅವನೂ ಅದನ್ನು ಯಾರಿಗೂ ಹೇಳಿರಲಿಕ್ಕಿಲ್ಲ. ನಿನ್ನ ಫೀ ವಿಷಯಕ್ಕೆ ಬಂದರೆ, ಆ ದುಡ್ಡಿನ ಲೆಕ್ಕ ನಿನ್ನ ತಲೆಯ ಮೇಲೆ ಇಲ್ಲ. ಕಡಲೆ ಮಾರಿದ್ದು, ಸೊಸೈಟಿ ಸಾಲ ತೆಗೆದದ್ದು ನಮ್ಮ ನಿರ್ಧಾರ, ತೀರಿಸುವುದು ನಮ್ಮ ಹೊಣೆ. ಸೀಟು ಸಿಕ್ಕರೆ ಸಂತೋಷ. ಸಿಗದಿದ್ದರೆ ಬಿಎಸ್ಸಿ ಇದೆ, ನರ್ಸಿಂಗ್ ಇದೆ, ಕೃಷಿ ಪದವಿ ಇದೆ, ಕೊನೆಗೆ ಈ ಹೊಲ ಇದೆ. ನಿಮ್ಮಪ್ಪ ಇದನ್ನು ಬಾಯಿಬಿಟ್ಟು ಹೇಳುವ ಜಾತಿಯವನಲ್ಲ, ಅವನ ಪರವಾಗಿ ನಾನು ಹೇಳುತ್ತಿದ್ದೇನೆ. ನಿನ್ನ ಅಂಕಪಟ್ಟಿಗಿಂತ ನೀನು ನಮಗೆ ಬೇಕು.

ಮುದ್ದೆ ಮಾರುವವರು ಡಬ್ಬಿಯ ಮೇಲೆ ಒತ್ತಡ ಮಾಯ, ಆತಂಕ ಮಾಯ ಎಂದು ಅಚ್ಚು ಹಾಕುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತು ನಿಮಿಷದ ಬಿಗಿಯನ್ನು ಅದು ಸಡಿಲಿಸೀತು. ವಾರಗಟ್ಟಲೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಪುಸ್ತಕ ತೆರೆದರೆ ಎದೆ ಹೊಡೆದುಕೊಂಡು ಕೈ ಬೆವರುವುದು, ಬದುಕಿ ಏನು ಪ್ರಯೋಜನ ಎಂಬ ಯೋಚನೆ ಬರುವುದು, ಇವಕ್ಕೆ ಸಿಲಿಕೋನ್ ಔಷಧವಲ್ಲ. ಎರೆ ಮಣ್ಣೂ ಅಲ್ಲ, ಅಜ್ಜನ ಕಿವಿಮಾತೂ ಅಲ್ಲ. ಅದಕ್ಕೆ ವೈದ್ಯರಿದ್ದಾರೆ. ನೀನಿರುವ ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಆಸ್ಪತ್ರೆ. ಊರ ಜನ ಅದನ್ನು ಹಳೆ ಕಾಲದ ಕೆಟ್ಟ ಹೆಸರಿನಿಂದ ಕರೆಯುತ್ತಿದ್ದರು, ಕೆಲವರು ಈಗಲೂ ಕರೆಯುತ್ತಾರೆ. ಆ ಹೆಸರಿಗೆ ಹೆದರಿ ಬಾಗಿಲ ತನಕ ಹೋಗಿ ಹಿಂದಿರುಗಬೇಡ. ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗುವವರು ನಾವು, ಇದಕ್ಕೂ ಹೋಗೋಣ. ಬಾ ಅಂದರೆ ಬೆಳಗಿನ ಬಸ್ಸಿಗೇ ಬಂದು ಜೊತೆಗೆ ಕೂಡುತ್ತೇನೆ.

ಅಷ್ಟು ದೂರ ಹೋಗುವ ಧೈರ್ಯವಿಲ್ಲದಿದ್ದರೆ, ಮನೆಯವರಿಗೆ ಹೇಳಲೂ ಮನಸ್ಸಾಗದಿದ್ದರೆ, ಫೋನು ಇದೆ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಟೆಲಿ ಮಾನಸ್ ಎಂಬ ಸಹಾಯವಾಣಿ ಆರಂಭಿಸಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವ ಹೊತ್ತಿಗಾದರೂ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರು 14416. ಈ ಕಾಗದ ಓದಿ ಮುಗಿಸಿದ ಕೂಡಲೇ ಅದನ್ನು ನಿನ್ನ ಫೋನಿನಲ್ಲಿ ಹಾಕಿಕೋ, ರೂಮಿನ ಹುಡುಗನ ಫೋನಿನಲ್ಲೂ ಹಾಕಿಕೊಡು.